ಗಿರಿಯಮ್ಮನ ಹಿಂದೆ ಅರವತ್ತೆರಡು ಸೈಕಲ್

ನಮ್ಮೂರ ದಾರಿಯಲ್ಲಿ ಯಾರನ್ನಾದರೂ ದಾಟಿ ಮುಂದೆ ಹೋಗಬೇಕಾದರೆ ಅವರನ್ನು ಕೇಳಿಯೇ ಹೋಗಬೇಕು. "ಮುಂದೆ ಹೋಗ್ಲಾ?" ಅಂತ ಕೇಳಬೇಕು, ಅವರು "ಹೋಗಪ್ಪ" ಅನ್ನಬೇಕು. ಎರಡೂ ಬಾಯಲ್ಲೇ ಆಗಬೇಕು, ತಲೆ ಆಡಿಸಿದರೆ ನಡೆಯುವುದಿಲ್ಲ. ಕೇಳದೆ ದಾಟಿದಿರೋ, ಹತ್ತು ಹೆಜ್ಜೆ ಮುಂದೆ ಹೋಗಿರುತ್ತೀರಿ, ಹನ್ನೊಂದನೆಯದಕ್ಕೆ ಕಣ್ಣೆತ್ತಿ ನೋಡಿದರೆ ಅದೇ ಬೆನ್ನು, ಅದೇ ಜಡೆ, ಅದೇ ಹರಿದ ಛತ್ರಿ ಮತ್ತೆ ನಿಮ್ಮ ಮುಂದೆಯೇ ಹೋಗುತ್ತಿರುತ್ತದೆ. ಗಡಿಕಲ್ಲಿನಿಂದ ಕೊಳದ ಕಟ್ಟೆಯವರೆಗೆ ಒಂದು ಮೈಲಿ, ಅಷ್ಟುದ್ದಕ್ಕೂ ಹೀಗೆಯೇ. ನಡೆದರೂ ಅಷ್ಟೇ, ಬಸ್ಸಿನಲ್ಲಿ ಬಂದರೂ ಅಷ್ಟೇ. ನಮ್ಮ ಬಸ್ಸಿನ ಕಂಡಕ್ಟರಿಗೆ ಟಿಕೆಟ್ ಹರಿಯುವುದಕ್ಕಿಂತ ಬಾಗಿಲಲ್ಲಿ ಜೋತುಬಿದ್ದು ಎತ್ತಿನಗಾಡಿಯವರನ್ನು ಕೇಳುವುದೇ ಹೆಚ್ಚಿನ ಕೆಲಸ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಸುಮ್ಮನೆ ಹೂಂ ಅಂದುಬಿಡುವುದೂ ಇಲ್ಲ. "ಎಲ್ಲಿಗೆ ಹೊರಟಿದ್ದು? ತಿಂಡಿ ಆಯ್ತಾ? ನಿಮ್ಮತ್ತೆ ಮಂಡಿನೋವು ಹೆಂಗಿದೆ?" ಇಷ್ಟೆಲ್ಲ ಆದ ಮೇಲೆ "ಹೋಗಿ ಬಾ". ಹಾಗಾಗಿ ನಮ್ಮೂರಿನವರು ಅವಸರವಿದ್ದರೆ ಒಂದು ಗಂಟೆ ಮೊದಲೇ ಮನೆ ಬಿಡುತ್ತಾರೆ. ಹೆಣ ಹೊತ್ತವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರಿಗಿಂತ ಮುಂದೆ ಹೋಗುವ ಅವಸರ ಯಾರಿಗಿದೆ?

ನನ್ನದು ಗಡಿಕಲ್ಲಿನ ಪಕ್ಕದಲ್ಲೇ ಬೋಂಡದ ಅಂಗಡಿ. ಹೆಸರು ಚಿಕ್ಕತಾಯಮ್ಮ, ಎಲ್ಲರೂ ಕರೆಯುವುದು ತಾಯಕ್ಕ. ಶಾಲೆಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ. ಉಳಿದದ್ದನ್ನೆಲ್ಲ ಬೋಂಡ ಕಟ್ಟುವ ಹಳೇ ಪೇಪರಿನಲ್ಲಿ ಓದಿಕೊಂಡವಳು ನಾನು. ಅದರಿಂದ ನನಗೆ ಬಹಳ ವಿಷಯ ಗೊತ್ತು, ಆದರೆ ಎಲ್ಲವೂ ಅರ್ಧರ್ಧ. ಉಳಿದ ಅರ್ಧ ಗಿರಾಕಿಯ ಕೈಯಲ್ಲಿ ಎಣ್ಣೆ ಹೀರಿಕೊಂಡು ಹೋಗಿರುತ್ತದೆ. ಹನ್ನೊಂದು ದಿನದ ಸೈಕಲ್ ಪಂದ್ಯದ ಚರಿತ್ರೆ ಒಂದು ಮಾತ್ರ ನನಗೆ ಪೂರ್ತಿ ಗೊತ್ತು. ಏಕೆಂದರೆ ಆ ಚರಿತ್ರೆ ಇಪ್ಪತ್ತೊಂದು ವರ್ಷದಿಂದ ನನ್ನ ಒಲೆಯ ಮುಂದೆಯೇ ಹಾದುಹೋಗಿದೆ. ಒಂದು ವರ್ಷವಂತೂ ಒಲೆಯ ಮೇಲೆಯೇ ಹೋಯಿತು.

ಪಂದ್ಯ ಶುರು ಮಾಡಿದ್ದು ಒಂದು ಹಲ್ಲುಪುಡಿ ಕಂಪನಿಯವರು. ಹನ್ನೊಂದು ದಿನ, ಹನ್ನೊಂದು ಊರು. ದಿನಕ್ಕೊಂದು ಊರಿನಲ್ಲಿ ಗೆರೆ ಎಳೆದು, ಅಲ್ಲಿಗೆ ಮೊದಲು ಬಂದವನಿಗೆ ಆ ದಿನದ ಗೆಲುವು. ಹನ್ನೊಂದೂ ದಿನ ಸೇರಿಸಿ ಕಡಿಮೆ ಹೊತ್ತಿನಲ್ಲಿ ಮುಗಿಸಿದವನಿಗೆ ನೇರಳೆ ಅಂಗಿ. ನಮ್ಮೂರು ಏಳನೇ ದಿನದ್ದು, ಗೆರೆ ಕೊಳದ ಕಟ್ಟೆಯ ಹತ್ತಿರ. ದಾರಿ ಅಳೆಯಲು ಬಂದವರು ಕಂಪನಿಯ ಶ್ರೀಕಂಠಯ್ಯನವರು, ಪಂದ್ಯದ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೇ ಒಬ್ಬರೇ ಬಂದು ಅಳೆದುಕೊಂಡು ಹೋದರು. ದಾರಿಯಲ್ಲಿ ಯಾರೂ ಸಿಗಲಿಲ್ಲ, ಯಾರನ್ನೂ ದಾಟಲಿಲ್ಲ. "ಎಷ್ಟು ನೇರವಾದ ರಸ್ತೆ ಕಣಮ್ಮಾ! ಕೊನೇ ಮೈಲಿ ಗಾಳಿ ಥರ ಬರ್ತಾರೆ ನೋಡ್ತಿರಿ" ಅಂದರು. ನಾನು ಆಗ ಹಿಟ್ಟು ಕಲಸುತ್ತಿದ್ದೆ. ಅವರಿಗೆ ವಿಷಯ ಗೊತ್ತಿರುತ್ತದೆ ಅಂದುಕೊಂಡೆ. ನಮಗೆ ಅದು ಹೇಳುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ. ನೀರು ಒದ್ದೆಯಾಗಿರುತ್ತೆ ಅಂತ ಯಾರಾದರೂ ನೆಂಟರಿಗೆ ಹೇಳುತ್ತಾರೆಯೇ?

ಮೊದಲ ವರ್ಷ ಗಡಿಕಲ್ಲಿನ ಹತ್ತಿರ ಅರವತ್ತೆರಡು ಜನ ಧೂಳೆಬ್ಬಿಸಿಕೊಂಡು ಬಂದರು. ಅವರಿಗಿಂತ ಹತ್ತು ಮಾರು ಮುಂದೆ ಗಿರಿಯಮ್ಮ ತೋಟದಿಂದ ಬದನೆಕಾಯಿ ಬುಟ್ಟಿ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಳು. ಆಗ ಅವಳಿಗೆ ಅರವತ್ತು ವರ್ಷ. ಎಲ್ಲರೂ ಸುಂಯ್ ಅಂತ ಅವಳನ್ನು ದಾಟಿದರು. ಮರುಗಳಿಗೆ ಎಲ್ಲರೂ ಅವಳ ಹಿಂದಿದ್ದರು. ಮತ್ತೆ ದಾಟಿದರು, ಮತ್ತೆ ಹಿಂದೆ. ನಾಲ್ಕನೇ ಸಲಕ್ಕೆ ಒಬ್ಬ ಸೈಕಲ್ಲಿನಿಂದ ಇಳಿದು ತನ್ನ ಚಕ್ರವನ್ನೇ ಪರೀಕ್ಷೆ ಮಾಡತೊಡಗಿದ. ಗಿರಿಯಮ್ಮ ಅರ್ಧ ದಾರಿಯಲ್ಲಿ ಬುಟ್ಟಿ ಇಳಿಸಿ ಸೆರಗಿನಲ್ಲಿ ಗಾಳಿ ಹಾಕಿಕೊಂಡಳು. ಅವರೂ ನಿಂತರು. ಅವಳು ಹಿಂದೆ ತಿರುಗಿ ನೋಡಿ, "ಏನ್ರಪ್ಪಾ, ಇಷ್ಟೊಂದು ಜನ ಮನೇತನಕ ಬಿಟ್ಟು ಬರ್ತೀರಾ? ಬೇಡ ಬಿಡ್ರಪ್ಪ, ನನಗೆ ದಾರಿ ಗೊತ್ತು" ಅಂದಳು. ಕೇಳಿ ಮುಂದೆ ಹೋಗಬೇಕು ಅಂತ ಅವರಿಗೆ ಹೊಳೆಯಲಿಲ್ಲ, ಕೇಳದವರಿಗೂ ಹೋಗಿ ಅನ್ನಬೇಕು ಅಂತ ಅವಳಿಗೂ ಹೊಳೆಯಲಿಲ್ಲ. ಕಟ್ಟೆಯ ಹತ್ತಿರ ಜನ ಸೇರಿದ್ದು ಕಂಡು ಏನು ನಡೆದಿದೆಯೋ ನೋಡಿಯೇ ಹೋಗೋಣ ಅಂತ ಅವಳು ಮನೆ ದಾಟಿ ಅಲ್ಲಿಯವರೆಗೂ ಹೋದಳು. ಹೀಗೆ ಏಳನೇ ದಿನದ ಗೆರೆಯನ್ನು ಮೊದಲು ದಾಟಿದವಳು ಗಿರಿಯಮ್ಮ. ಕಾಲ್ನಡಿಗೆ, ಬದನೆಕಾಯಿ ಸಮೇತ.

ಶ್ರೀಕಂಠಯ್ಯನವರು ನಿಯಮದ ಪುಸ್ತಕ ತಿರುವಿ ತಿರುವಿ ನೋಡಿದರು. "ಮೊದಲು ಗೆರೆ ದಾಟಿದವರು" ಅಂತ ಇತ್ತೇ ವಿನಾ ಸೈಕಲ್ ಇರಬೇಕು ಅಂತ ಎಲ್ಲೂ ಇರಲಿಲ್ಲ. ಬರೆದವರಿಗೆ ಅದೂ ಹೇಳುವಂಥ ವಿಷಯ ಅನ್ನಿಸಿರಲಿಲ್ಲ ಪಾಪ. ದಿನದ ಗೆಲುವಿಗೆ ಬೇರೆ ಅಂಗಿ ಇಲ್ಲದ್ದರಿಂದ ಗಿರಿಯಮ್ಮನಿಗೂ ಒಂದು ನೇರಳೆ ಅಂಗಿಯನ್ನೇ ಹಾಕಿ, ಒಂದು ವರ್ಷಕ್ಕಾಗುವಷ್ಟು ಹಲ್ಲುಪುಡಿ ಕೊಟ್ಟರು. ಅವಳ ಬಾಯಲ್ಲಿದ್ದದ್ದು ಏಳು ಹಲ್ಲು, ಪುಡಿ ಹತ್ತು ವರ್ಷ ಬಂತು. ಸೈಕಲ್ ತುಳಿಯುವವರಿಗೆ ಕಂಪನಿ ತಿಂಗಳ ಸಂಬಳ ಕೊಡುತ್ತದೆ ಅಂತ ಗೊತ್ತಾಗಿ ಅವಳಿಗೆ ಆದ ಆಶ್ಚರ್ಯ ಇವತ್ತಿಗೂ ಕಡಿಮೆಯಾಗಿಲ್ಲ. "ಸಂಬಳ ಕೊಟ್ಟು ತುಳಿಸ್ತಾರಾ? ಹಂಗಾದ್ರೆ ನಿಧಾನಕ್ಕೆ ತುಳಿದ್ರೆ ತಾನೆ ಕೆಲ್ಸ ಜಾಸ್ತಿ ದಿನ ಸಿಗೋದು? ಓದಿದ ಹುಡುಗ್ರು, ಇಷ್ಟೂ ತಿಳಿಯಲ್ವಲ್ಲ!"

ಎರಡನೇ ವರ್ಷ ಏಳನೇ ದಿನ ಯಾರೂ ರಸ್ತೆಗೆ ಇಳಿಯಬಾರದು ಅಂತ ಡಂಗುರ ಹೊಡೆಸಿದರು. ಗಿರಿಯಮ್ಮನನ್ನು ಮಾತ್ರ ಕಾರು ಕಳಿಸಿ ಮುಂಜಾನೆಯೇ ಕಟ್ಟೆಗೆ ಕರೆಸಿ, ಮುಖ್ಯ ಅತಿಥಿ ಅಂತ ಕುರ್ಚಿಯಲ್ಲಿ ಕೂರಿಸಿದರು. ಗೌರವ ಅಂತ ಅವಳು ಅಂದುಕೊಂಡಳು, ಉಪಾಯ ಅಂತ ನಮಗೆ ಗೊತ್ತಿತ್ತು. ರಸ್ತೆ ಏನೋ ಖಾಲಿಯಾಯಿತು, ಆದರೆ ಸೈಕಲ್ಲಿನವರು ಒಬ್ಬರನ್ನೊಬ್ಬರು ದಾಟಬೇಕಲ್ಲ? ಪಂದ್ಯದಲ್ಲಿ "ಮುಂದೆ ಹೋಗ್ಲಾ" ಅಂತ ಎದುರಾಳಿಯನ್ನು ಕೇಳಿದರೆ ಯಾವನು ಹೋಗು ಅನ್ನುತ್ತಾನೆ? ಗಡಿಕಲ್ಲಿಗೆ ಮೊದಲು ಬಂದವನೇ ಗೆದ್ದ. ಹಾಗಾಗಿ ಮೂರನೇ ವರ್ಷ ಗಡಿಕಲ್ಲಿನ ಹತ್ತಿರ ನೂಕುನುಗ್ಗಲಾಗಿ ಹನ್ನೆರಡು ಸೈಕಲ್ ನನ್ನ ಒಲೆಯ ಮೇಲೆ ಹತ್ತಿತು. ಚರಿತ್ರೆ ಒಲೆಯ ಮೇಲೆಯೇ ಹೋಯಿತು ಅಂದೆನಲ್ಲ, ಅದೇ. ನಾಲ್ಕನೇ ವರ್ಷ ಒಬ್ಬ ಬುದ್ಧಿವಂತ ಸೈಕಲ್ ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನ ಮೇಲೆ ಓಡಿ ಮುಂದೆ ಬಂದು ರಸ್ತೆಗೆ ಕಾಲಿಟ್ಟ. ಇಟ್ಟ ಕಾಲು ಎಲ್ಲರ ಹಿಂದೆ ಬಿತ್ತು.

ಆಮೇಲೆ ಆಮೇಲೆ ಅವರೂ ಕೇಳಲು ಕಲಿತರು. "ಇವತ್ತು ನೀನು ಬಿಡು, ನಾಳೆ ಗುಡ್ಡದ ಮೇಲೆ ನಾನು ಬಿಡ್ತೀನಿ" ಅಂತ ಮಾತಾಗುತ್ತಿತ್ತು. ಒಬ್ಬ "ಸಾರ್, ಹೋಗ್ಲಾ ಸಾರ್?" ಅಂತ ಶುರು ಮಾಡಿ, ಮುಂದಿನವನು ಬಿಡದೆ, ಕಟ್ಟೆ ಬರುವಷ್ಟರಲ್ಲಿ ಅವನ ಮೂರು ತಲೆಮಾರನ್ನು ಬೈದು ಮುಗಿಸಿದ್ದ. ನಮ್ಮೂರ ಅಭ್ಯಾಸ ಹತ್ತಿ, ಎಂಟನೇ ದಿನ ಬೇರೆ ಊರಿನಲ್ಲೂ ಕೇಳಿಕೊಂಡು ನಿಂತು ಸೋತವರುಂಟು.

ಆರನೇ ವರ್ಷ ಬಂದವರು ಜವರಯ್ಯ. ಸಂಬಳದ ಸೈಕಲ್ಲಿಗರಲ್ಲಿ ಒಂದು ಗುಂಪಿಗೆ ಒಬ್ಬ ಕ್ಯಾಪ್ಟನ್, ಉಳಿದವರು ಅವನನ್ನು ಗೆಲ್ಲಿಸುವವರು. ಅವನ ಮುಂದೆ ತುಳಿದು ಗಾಳಿ ತಡೆಯಬೇಕು, ನೀರಿನ ಬಾಟಲಿ ತಂದುಕೊಡಬೇಕು, ಅವನ ಚಕ್ರ ಕೆಟ್ಟರೆ ತಮ್ಮ ಚಕ್ರ ಬಿಚ್ಚಿ ಕೊಡಬೇಕು. ಜವರಯ್ಯ ಹದಿನಾರು ವರ್ಷ ಇದನ್ನೇ ಮಾಡಿದರು. ಎದೆ ಅಗಲ, ಮಾತು ಕಡಿಮೆ. ಇಲ್ಲ ಅನ್ನಲು ಬಾರದ ಮನುಷ್ಯ. ನನ್ನ ಅಂಗಡಿಯಲ್ಲಿ ಇನ್ನೊಂದು ಬೋಂಡ ಹಾಕಲಾ ಅಂದರೆ ಹೂಂ, ಮತ್ತೊಂದು ಅಂದರೆ ಹೂಂ. ಒಂದು ವರ್ಷ ಸುಮ್ಮನೆ ನೋಡೋಣ ಅಂತ ಹತ್ತೊಂಬತ್ತು ಹಾಕಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ತಿಂದರು.

ಈಗ ಮೂರು ವರ್ಷದಿಂದ ಅವರ ಕ್ಯಾಪ್ಟನ್ ಮಾರ್ತಾಂಡ. ಇಪ್ಪತ್ತಾರರ ಹುಡುಗ, ಒಳ್ಳೆ ತುಳಿತ, ಅದಕ್ಕಿಂತ ಒಳ್ಳೆ ತಲೆ. ಅವನು ಒಂದು ಉಪಾಯ ಕಂಡುಹಿಡಿದ. ಗಡಿಕಲ್ಲನ್ನು ಜವರಯ್ಯನವರೇ ಮೊದಲು ದಾಟುವಂತೆ ನೋಡಿಕೊಳ್ಳುವುದು, ತಾನು ಗಾಳಿ ತಾಗದಂತೆ ಅವರ ಹಿಂದೆಯೇ ಆರಾಮವಾಗಿ ಬರುವುದು. ಜವರಯ್ಯ ಮುಂದಿರುವಾಗ ಬೇರೆ ಗುಂಪಿನವರು ಇವರಿಬ್ಬರನ್ನೂ ಕೇಳದೆ ಹೋಗುವಂತಿಲ್ಲ, ಮಾರ್ತಾಂಡ ಯಾರಿಗೂ ಹೋಗು ಅನ್ನುವವನಲ್ಲ. ಕಟ್ಟೆ ನೂರು ಮಾರು ಇದೆ ಅನ್ನುವಾಗ "ಜವರಣ್ಣ, ಹೋಗ್ಲಾ?" ಅನ್ನುವುದು. ಅವರು "ಹೋಗಿ ಕ್ಯಾಪ್ಟನ್" ಅನ್ನುವುದು. ಮೂರು ವರ್ಷ ಹೀಗೆ ಮೂರು ಸಲ ಅವನೇ ಗೆದ್ದ. ನಮ್ಮೂರ ಜನಕ್ಕೆ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಪಂದ್ಯ ಮುಗಿದ ಮೇಲೆ ಜವರಯ್ಯ ಎಂಟು ಬಾಟಲಿ ಎತ್ತಿಕೊಂಡು ನೀರು ತುಂಬಿಸಲು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು.

"ತಾಯಕ್ಕ, ಬರೋ ವರ್ಷಕ್ಕೆ ಮುಗೀತು ನಂದು. ನಲವತ್ತಾಯ್ತು. ಆಮೇಲೆ ಕಂಪನಿಯೋರು ಇಟ್ಕೊಳ್ಳಲ್ಲ."

"ಒಂದ್ಸಲನಾದ್ರೂ ಗೆಲ್ಬೇಕು ಅನ್ನಿಸ್ಲಿಲ್ವಾ?" ಅಂದೆ.

ಅವರು ಬಾಟಲಿಗೆ ಬಿರಡೆ ಹಾಕುತ್ತಾ ಹಾಕುತ್ತಾ ಹೇಳಿದರು. "ನನ್ನ ಮಗಳು ಕೇಳ್ತಾಳೆ, ಅಪ್ಪ ನೀನು ಪಂದ್ಯದಲ್ಲಿ ಏನ್ ಮಾಡ್ತೀಯ ಅಂತ. ನೀರು ಕೊಡ್ತೀನಿ ಮಗಾ ಅಂದೆ. ಅದನ್ನ ಮನೇಲೇ ಮಾಡ್ಬೋದಲ್ಲಪ್ಪಾ ಅಂದ್ಲು." ನಕ್ಕರು. ಆಮೇಲೆ ನಗಲಿಲ್ಲ. "ಒಂದ್ಸಲ ಮೈಕಲ್ಲಿ ನನ್ನ ಹೆಸ್ರು ಮೊದ್ಲು ಕರೀಬೇಕು ಅಂತ ಆಸೆ ಇದೆ ತಾಯಕ್ಕ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಹಿಂದಿಂದ ಯಾರಾದ್ರೂ ಕೇಳಿದ್ರೆ ಬಾಯಿ ತಾನೇ ಹೋಗು ಅಂದುಬಿಡುತ್ತೆ. ನಾನು ಮನಸ್ಸು ಮಾಡೋಕೆ ಮುಂಚೇನೆ."

ನಮ್ಮೂರ ಮೈಕು ಹಿಡಿಯುವುದು ನನ್ನ ಯಜಮಾನರು ಮಾದಪ್ಪ. ಪಂಚರ್ ಅಂಗಡಿಯವರಾದರೂ ಕಂಠ ನಾಟಕದ್ದು. ಅವತ್ತು ಅವರೂ ಅಲ್ಲೇ ಇದ್ದರು. ಜವರಯ್ಯ ಹೋದ ಮೇಲೆ ಅಂದರು, "ಲೇ ತಾಯಿ, ಆ ಮನುಷ್ಯನ ಕಾಲು ಗೆಲ್ತಾ ಇದೆ, ಬಾಯಿ ಸೋಲಿಸ್ತಾ ಇದೆ."

"ಹಂಗಾದ್ರೆ ಬಾಯಿ ಕಟ್ಬೇಕು" ಅಂದೆ.

"ಬಟ್ಟೇಲಾ?"

"ತಂಬಿಟ್ಟಲ್ಲಿ."

ನನ್ನ ತಂಬಿಟ್ಟಿನ ಉಂಡೆ ಗೊತ್ತಿಲ್ಲದವರಿಗೆ ಹೇಳಬೇಕು. ಹುರಿದ ಅಕ್ಕಿಹಿಟ್ಟು, ಹುರಿಗಡಲೆ, ಕೊಬ್ಬರಿ, ಬೆಲ್ಲದ ಪಾಕ. ಪಾಕವನ್ನು ಒಂದೆಳೆ ಹೆಚ್ಚು ಕಾಯಿಸಿಬಿಟ್ಟರೆ ಅದು ಬಾಯಿಗೆ ಹೋದಮೇಲೆ ಅಂಗುಳಕ್ಕೂ ನಾಲಗೆಗೂ ಮದುವೆ ಮಾಡಿಸುತ್ತದೆ. ಒಂದು ಮದುವೆಮನೆಯಲ್ಲಿ ಬೀಗರು ಜಗಳ ತೆಗೆಯುವ ಹೊತ್ತಿಗೆ ಇದನ್ನೇ ಹಂಚಿ ಅರ್ಧ ಗಂಟೆ ಶಾಂತಿ ಕಾಪಾಡಿದವಳು ನಾನು. ಪಂದ್ಯದ ದಿನ ಗಡಿಕಲ್ಲಿನ ಹತ್ತಿರ ತುಳಿಯುವವರ ಕೈಗೆ ಏನಾದರೂ ತಿನ್ನಲು ಕೊಡುವುದು ವಾಡಿಕೆ, ನಿಯಮಕ್ಕೂ ಅಡ್ಡಿಯಿಲ್ಲ. ಕೊಟ್ಟರೆ ಜವರಯ್ಯ ಬೇಡ ಅನ್ನುವುದಿಲ್ಲ. ಬಾಯಿಗೆ ಬಿದ್ದಮೇಲೆ ಹೋಗು ಅನ್ನಲು ಆಗುವುದಿಲ್ಲ. ಕಟ್ಟೆ ಒಂದೇ ಮೈಲಿ. ಊರಿಗೆ ಊರೇ ಈ ಗುಟ್ಟನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿತು. ಬೇರೆ ಯಾವ ಗುಟ್ಟನ್ನೂ ನಮ್ಮೂರು ಒಂದು ದಿನವೂ ಇಟ್ಟುಕೊಂಡಿದ್ದಿಲ್ಲ.

ಈ ವರ್ಷದ ಏಳನೇ ದಿನ ಬಂತು. ಉಂಡೆಯನ್ನು ನಿಂಬೆಹಣ್ಣಿನಷ್ಟು ಕಟ್ಟಬೇಕು ಅಂದುಕೊಂಡಿದ್ದೆ, ಪ್ರೀತಿ ಹೆಚ್ಚಾಗಿ ಮೂಸಂಬಿಯಷ್ಟಾಯಿತು. ಬಿಸಿಲೇರುವ ಹೊತ್ತಿಗೆ ಜವರಯ್ಯ ಎಲ್ಲರಿಗಿಂತ ಮುಂದೆ ಬಂದರು, ಬೆನ್ನಿಗೆ ಅಂಟಿದ ಹಾಗೆ ಮಾರ್ತಾಂಡ, ಅವನ ಹಿಂದೆ ಐವತ್ತು ಜನ. "ಜವರಣ್ಣ, ಬಾಯಿ ತೆಗೀರಿ!" ಅಂತ ಕೂಗಿದೆ. ತೆಗೆದರು. ಇಟ್ಟುಬಿಟ್ಟೆ. ಗಡಿಕಲ್ಲು ದಾಟಿದರು. ನಾವೆಲ್ಲ ಹೊಲದ ಬದುವಿನ ಮೇಲೆ ಕೇಕೆ ಹಾಕುತ್ತಾ ಓಡಿದೆವು.

ಕಾಲು ಮೈಲಿ ಹೋಗುವಷ್ಟರಲ್ಲಿ ನನ್ನ ಕಾಲೇ ನಿಂತುಹೋಯಿತು. ರಸ್ತೆಯ ನಡುವೆ, ನೇರಳೆ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು, ಕೈಯಲ್ಲಿ ಊರುಗೋಲು ಹಿಡಿದು, ಗಿರಿಯಮ್ಮ ನಡೆದು ಹೋಗುತ್ತಿದ್ದಳು. ಎಂಬತ್ತೊಂದು ವರ್ಷ. ಪ್ರತಿ ವರ್ಷ ಅವಳನ್ನು ಕರೆತರಲು ಕಾರು ಹೋಗಬೇಕಿತ್ತಲ್ಲ, ತಂಬಿಟ್ಟಿನ ಸಡಗರದಲ್ಲಿ ಕಾರಿನವನಿಗೆ ಹೇಳುವುದನ್ನೇ ಎಲ್ಲರೂ ಮರೆತಿದ್ದೆವು. ನಾನು ಮಾದಪ್ಪ ಹೇಳಿದ್ದಾರೆ ಅಂದುಕೊಂಡಿದ್ದೆ, ಮಾದಪ್ಪ ಶ್ರೀಕಂಠಯ್ಯನವರು ಅಂದುಕೊಂಡಿದ್ದರು, ಶ್ರೀಕಂಠಯ್ಯನವರು ಇಪ್ಪತ್ತು ವರ್ಷದ ರೂಢಿಯೇ ಹೇಳುತ್ತದೆ ಅಂದುಕೊಂಡಿದ್ದರು. ಕಾದು ಕಾದು ಬೇಜಾರಾಗಿ ಮುಖ್ಯ ಅತಿಥಿ ತಾನೇ ಹೊರಟಿದ್ದಳು.

ಜವರಯ್ಯ ಬ್ರೇಕು ಹಿಡಿದು ಅವಳ ಹಿಂದೆ ಬಂದರು. ಕೇಳಬೇಕು. ಕೇಳಲು ಬಾಯಿಲ್ಲ. "ಮ್ಮ್... ಮ್ಮ್ಮ್" ಅಂದರು.

ಗಿರಿಯಮ್ಮ ತಿರುಗದೆಯೇ ಅಂದಳು, "ಯಾರದ್ರೀ ಎಮ್ಮೆ? ಹಿಡ್ಕೊಳ್ರೀ, ಹಾಯುತ್ತೆ."

"ಗಿರಿಯಮ್ಮಾ! ಎಮ್ಮೆ ಅಲ್ಲ, ಜವರಣ್ಣ! ಹೋಗು ಅಂದುಬಿಡು!" ಅಂತ ನಾನು ಬದುವಿನ ಮೇಲಿಂದ ಕೂಗಿದೆ.

"ಕೇಳ್ಲಿ, ಅಂತೀನಿ. ನಾನೇನು ಬೇಡ ಅಂದ್ನಾ?"

"ಅವರ ಬಾಯಲ್ಲಿ ತಂಬಿಟ್ಟಿದೆ!"

"ಯಾರು ಮಾಡಿದ್ದು?"

"ನಾನೇ!"

"ಹಂಗಾದ್ರೆ ಇವತ್ತಿಗೆ ಮುಗಿಯಲ್ಲ" ಅಂದಳು ಗಿರಿಯಮ್ಮ, ಮತ್ತು ನಡೆಯುತ್ತಾ ಹೋದಳು.

ಹಿಂದೆ ಮಾರ್ತಾಂಡ "ಜವರಣ್ಣ, ಹೋಗ್ಲಾ?" ಅಂದ. ಕೇಳಿದ್ದೇ ತಡ, ಹದಿನಾರು ವರ್ಷದ ಅಭ್ಯಾಸ, ಜವರಯ್ಯನವರ ತಲೆ ತಾನೇ ಆಡಿತು. ಮಾರ್ತಾಂಡ ಬುಸ್ಸೆಂದು ಜವರಯ್ಯನವರನ್ನೂ ಗಿರಿಯಮ್ಮನನ್ನೂ ದಾಟಿದ, ಹತ್ತು ತುಳಿತ ತುಳಿದ, ಹನ್ನೊಂದಕ್ಕೆ ಮತ್ತೆ ಇಬ್ಬರ ಹಿಂದೆ ಬಂದು ನಿಂತ. "ಬಾಯಲ್ಲಿ ಹೇಳಣ್ಣ!" ಅಂದ. "ಮ್ಮ್" ಅಂದರು ಜವರಯ್ಯ. ಅವನ ಹಿಂದಿನವನು ಅವನನ್ನು ಕೇಳಿದ, ಅವನ ಹಿಂದಿನವನು ಇವನನ್ನು. ಐವತ್ತು ಜನ ಒಬ್ಬರನ್ನೊಬ್ಬರು "ಹೋಗ್ಲಾ, ಹೋಗ್ಲಾ" ಅನ್ನುತ್ತಾ ಸೈಕಲ್ ತಳ್ಳಿಕೊಂಡು ಬರುತ್ತಿದ್ದರೆ ಕೆರೆಯ ಕಪ್ಪೆಗಳಿಗೂ ನಾಚಿಕೆಯಾಗಬೇಕು.

ನನ್ನ ಸ್ಥಿತಿ ಹೇಳುತ್ತೇನೆ ಕೇಳಿ. ತಂಬಿಟ್ಟು ಕರಗದಿದ್ದರೆ ಗಿರಿಯಮ್ಮ ಗೆಲ್ಲುತ್ತಾಳೆ, ಜವರಯ್ಯ ಇನ್ನು ಯಾವತ್ತೂ ಗೆಲ್ಲುವುದಿಲ್ಲ. ಕರಗಿತೋ, ಮಾರ್ತಾಂಡ ಕೇಳುತ್ತಾನೆ, ಆ ಬಾಯಿ ಹೋಗಿ ಅನ್ನುತ್ತದೆ. ಕರಗಲಿ ಅಂತ ಹರಕೆ ಹೊರಲೋ, ಕರಗದಿರಲಿ ಅಂತಲೋ? ನನ್ನ ಅಡುಗೆಯನ್ನು ನಾನೇ ಅಷ್ಟು ಶಪಿಸಿದ ದಿನ ಇನ್ನೊಂದಿಲ್ಲ. ಜವರಯ್ಯನವರ ದವಡೆ ಮೇಲೆ ಕೆಳಗೆ, ಮೇಲೆ ಕೆಳಗೆ. ಬದುವಿನ ಮೇಲೆ ಊರೆಲ್ಲ ಅವರ ದವಡೆ ನೋಡಿಕೊಂಡೇ ನಡೆಯಿತು. ನಮಗೂ ಗೊತ್ತಿಲ್ಲದೆ ನಾವೂ ಅಗಿಯುತ್ತಿದ್ದೆವು.

ಕಟ್ಟೆ ಬಂತು. ಗೆರೆ ಇನ್ನು ಇಪ್ಪತ್ತು ಹೆಜ್ಜೆ. ಮಾದಪ್ಪ ಮೈಕಿನಲ್ಲಿ ಏನು ಹೇಳಬೇಕೋ ತೋಚದೆ, "ಬರ್ತಾ ಇದ್ದಾರೆ... ಬರ್ತಾನೇ ಇದ್ದಾರೆ..." ಅನ್ನುತ್ತಿದ್ದರು. ಆಗ ಜವರಯ್ಯ ಕತ್ತು ಮುಂದೆ ಚಾಚಿ, ಕಣ್ಣು ಮುಚ್ಚಿ, ಗುಳುಕ್ ಅಂತ ನುಂಗಿದರು. ಆ ಸದ್ದು ಮೈಕಿಗೂ ಕೇಳಿಸಿತು.

"ಜವರಣ್ಣ!" ಮಾರ್ತಾಂಡ ಅದಕ್ಕೇ ಕಾದಿದ್ದ. "ಹೋಗ್ಲಾ ಅಣ್ಣ?"

ಜವರಯ್ಯ ಬಾಯಿ ತೆರೆದರು. ಹಿಂದೆ ತಿರುಗಿದರು. ಮುಂದಿನ ಮುದುಕಿಯ ಬೆನ್ನು ನೋಡಿದರು, ಆ ನೇರಳೆ ಅಂಗಿಯ ಬೆನ್ನು. ಆಮೇಲೆ ಬಹಳ ವಿನಯವಾಗಿ ಅಂದರು.

"ಸ್ವಲ್ಪ ತಡೀರಿ ಕ್ಯಾಪ್ಟನ್. ನಾನೂ ಒಬ್ರನ್ನ ಕೇಳೋದಿದೆ."

ಕೇಳಿದರು. "ಅಜ್ಜಿ, ಮುಂದೆ ಹೋಗ್ಲಾ?"

ಗಿರಿಯಮ್ಮ ನಿಂತಳು, ತಿರುಗಿದಳು, ಅವರ ಮುಖ ನೋಡಿದಳು. "ಏನಪ್ಪಾ ಅಂಥ ಅವಸರ?"

"ಅವಸರ ಏನಿಲ್ಲಜ್ಜಿ. ಹದಿನಾರು ವರ್ಷ ಆಯ್ತು. ಮುಂದೆ ಹೋದ್ರೆ ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು."

"ಹೆಂಗೂ ಇರಲ್ಲ, ನಾನು ನೋಡಿದ್ದೀನಿ. ಬರೀ ಹಲ್ಲುಪುಡಿ ಕೊಡ್ತಾರೆ" ಅಂದಳು. ಆಮೇಲೆ ಊರುಗೋಲನ್ನು ಪಕ್ಕಕ್ಕೆ ಸರಿಸಿದಳು. "ಹೋಗು ಮಗಾ. ಹೋಗಿ ಬಾ."

ಹೋದರು. ಇಪ್ಪತ್ತು ಹೆಜ್ಜೆಯ ದಾರಿಯನ್ನು ಅಷ್ಟು ಜೋರಾಗಿ ತುಳಿದವರನ್ನು ನಾನು ಕಂಡಿಲ್ಲ. ಗೆರೆ ದಾಟಿ, ನಿಲ್ಲಲಾಗದೆ, ಕೊಳದ ಮೂರನೇ ಮೆಟ್ಟಿಲವರೆಗೆ ಇಳಿದುಬಿಟ್ಟರು. ಮಾದಪ್ಪ "ಮೊದಲನೆಯವರು, ಜವರಯ್ಯ!" ಅಂದರು. ಎರಡನೇ ಸಲ ತಾವು ಹೇಳದೆ ಮೈಕನ್ನು ಜನರ ಕಡೆ ಹಿಡಿದರು. ಉಳಿದದ್ದನ್ನು ಜನವೇ ಹೇಳಿತು.

ಇತ್ತ ಮಾರ್ತಾಂಡ ಗಿರಿಯಮ್ಮನ ಹಿಂದೆ ಒಂಟಿಕಾಲಿನಲ್ಲಿ ಕುಣಿಯುತ್ತಿದ್ದ. "ಅಜ್ಜಿ, ನಾನು ಹೋಗ್ಲಾ? ಗೆಲ್ಬೇಕು ಅಜ್ಜಿ!"

"ಗೆದ್ದಾಯ್ತಲ್ಲಪ್ಪ ಅವನು. ಇನ್ನೇನು ಅವಸರ? ಯಾರ ಮಗ ನೀನು? ತಿಂಡಿ ಆಯ್ತಾ?" ಎಲ್ಲದಕ್ಕೂ ಅವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಗಿರಿಯಮ್ಮ ಗೆರೆ ದಾಟಿದ್ದಳು. ಎರಡನೇ ಬಹುಮಾನ. ಈಗ ಅವಳ ಬಾಯಲ್ಲಿರುವುದು ಎರಡೇ ಹಲ್ಲು. ಆದರೂ ಪುಡಿ ಕಡಿಮೆ ಕೊಟ್ಟರು ಅಂತ ಶ್ರೀಕಂಠಯ್ಯನವರ ಮೇಲೆ ರೇಗಿದಳು.

ಎಲ್ಲ ಮುಗಿದ ಮೇಲೆ ಜವರಯ್ಯ ನನ್ನ ಅಂಗಡಿಗೆ ಬಂದರು. ಕೊರಳಲ್ಲಿ ಹಾರ, ಕೈಯಲ್ಲಿ ಅದೇ ಎಂಟು ಬಾಟಲಿ. ನೀರು ತುಂಬಿಸಿಕೊಂಡು, ಬೆಂಚಿನ ಮೇಲೆ ಕೂತು, ಒಂದು ಬಾಟಲಿಯನ್ನು ತೆರೆದು ತಾವೇ ಕುಡಿದರು. ಹದಿನಾರು ವರ್ಷದಲ್ಲಿ ಅದನ್ನೂ ನಾನು ನೋಡಿರಲಿಲ್ಲ.

ನಾನು ತಪ್ಪೊಪ್ಪಿಕೊಂಡೆ. "ನೀವು ಅವನಿಗೆ ಬೇಡ ಅನ್ನಲ್ಲ ಅಂತ ತಂಬಿಟ್ಟು ತುರುಕಿದ್ದು ಜವರಣ್ಣ. ಕೋಪ ಮಾಡ್ಕೋಬೇಡಿ."

"ಬೇಡ ಅಂತ ನಾನೆಲ್ಲಿ ಅಂದೆ? ತಡೀರಿ ಅಂದೆ ಅಷ್ಟೇ" ಅಂದರು ನಗುತ್ತಾ.

ಡಬ್ಬಿಯಲ್ಲಿ ಉಳಿದಿದ್ದ ಉಂಡೆಗಳಲ್ಲಿ ದೊಡ್ಡದನ್ನೇ ಆರಿಸಿ, ತುಪ್ಪ ಸವರಿ, ಅವರ ಮುಂದೆ ಹಿಡಿದೆ. "ಇನ್ನೊಂದು ತಗೊಳ್ಳಿ."

ಜವರಯ್ಯ ಉಂಡೆ ನೋಡಿದರು. ನನ್ನನ್ನು ನೋಡಿದರು. ದವಡೆ ಒಮ್ಮೆ ಸವರಿಕೊಂಡರು.

"ಬೇಡ" ಅಂದರು.